ಏಡಿಯತ್ತೆ

ಅದು ಒಂದೇ ಏಡಿಯೋ, ದಿನಕ್ಕೊಂದು ಏಡಿಯೋ, ಈಗ ಆಣೆಯಿಟ್ಟು ಹೇಳಲಾರೆ. ಎಪ್ಪತ್ತರ ದಶಕದ ಮಾತು; ನನ್ನ ನೆನಪಿನ ಮೇಲೆ ನನಗೇ ನಂಬಿಕೆಯಿಲ್ಲ. ಆದರೆ ಕಾಶಿಯ ಹನುಮಾನ್ ಘಾಟಿನಲ್ಲಿ ನನ್ನ ಸೋದರಮಾವ ಒಂದು ಏಡಿಯನ್ನು ತೋರಿಸಿ “ನಿಮ್ಮತ್ತೆ” ಎಂದು ಪರಿಚಯಿಸಿದ್ದಂತೂ ನಿಜ. ಪ್ರಾಣಿಶಾಸ್ತ್ರದ ಎಂ.ಎಸ್‌ಸಿ. ಓದುತ್ತಿದ್ದವನಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೆ!

ಅತ್ತೆ ತೀರಿಕೊಂಡ ಮೇಲೆ ಮಾವ ದಿನವೂ ಊಟಕ್ಕೆ ಮುಂಚೆ, ಅವರ ಹೆಸರಿನಲ್ಲಿ, ಕಾಗೆಗೆಂದು ಒಂದು ಹಿಡಿ ಅನ್ನವನ್ನು ಘಾಟಿನ ಮೆಟ್ಟಿಲ ಮೇಲಿಡುತ್ತಿದ್ದರು. ಕಾಶಿಯ ಕಾಗೆಗಳಿಗೆ ಪಿಂಡಕ್ಕೇನು ಬರವೆ? ಒಂದೂ ತಿರುಗಿ ನೋಡಲಿಲ್ಲ. ಮೊದಲ ದಿನವೇ ಕಲ್ಲಿನ ಬಿರುಕಿನಿಂದ ಏಡಿಯೊಂದು ಬಂದು ಅನ್ನ ಎಳೆದುಕೊಂಡು ಹೋಯಿತು. ಅಂದಿನಿಂದ ಅದು ಮುಟ್ಟದೆ ಇವರು ತುತ್ತು ಎತ್ತುತ್ತಿರಲಿಲ್ಲ. ಅದು ಬಾರದ ದಿನ ಉಪವಾಸ. ಮನುಷ್ಯ ಕಡ್ಡಿಯಾಗುತ್ತ ಬಂದರು.

“ಮಾವ, ಅದು ಬರೀ ಏಡಿ.”

“ಸೊಂಟನೋವು ಬಂದ್ಮೇಲೆ ನಿಮ್ಮತ್ತೇನೂ ಹೀಗೇ ಅಡ್ಡಡ್ಡ ನಡೀತಿದ್ಲು ಕಣೋ.”

ನನಗೆ ಮೈಯೆಲ್ಲ ಉರಿಯಿತು. ತಿನ್ನಲು ಸಿಕ್ಕ ಜಾಗವನ್ನು ಏಡಿ ಕಲಿತು ನೆನಪಿಡುತ್ತದೆ, ಅಷ್ಟೇ ಎಂದು ತೋರಿಸಲು ಮರುದಿನ ಅನ್ನವನ್ನು ನಾಲ್ಕು ಮಾರು ಆಚೆ ಇಟ್ಟೆ. ಏಡಿ ಹಳೆಯ ಜಾಗಕ್ಕೇ ಬಂದು, ಇಕ್ಕಳದಂಥ ಕಾಲಿನಿಂದ ಬರಿಗಲ್ಲನ್ನು ತಡವಿತು.

“ನೋಡಿದ್ರಾ?”

“ಅರೇ, ಅನ್ನ ಇಲ್ದಿದ್ರೂ ಬಂದ್ಲಲ್ಲೋ!”

ಇಂಥವರ ಮುಂದೆ ಪ್ರಯೋಗ ಮಾಡುವುದಾದರೂ ಹೇಗೆ? ಸಾಲದ್ದಕ್ಕೆ ನನಗೇ ಪ್ರಶ್ನೆ: “ಕಲಿಯೋಕೆ ಒಂದಷ್ಟು ದಿನ ಬೇಕು ಅಂತೀಯ. ನಾನು ಇಟ್ಟ ಮೊದಲ್ನೇ ದಿನಾನೇ ಹ್ಯಾಗೆ ಬಂತು? ಬತಾವ್, ಹೇಳು ನೋಡೋಣ.”

ವಾಸನೆ ಎಂದೆ. ಆ ಉತ್ತರ ನನಗೇ ಹಿಡಿಸಲಿಲ್ಲ. ಸಿಟ್ಟಿನಲ್ಲೇ ಹೋಗಿ ಆ ಮೆಟ್ಟಿಲ ಬಳಿಯ ದೋಣಿಯವನನ್ನು ವಿಚಾರಿಸಿದೆ. ಮಾವ ಉಂಡು ಗೊರಕೆ ಹೊಡೆಯುವ ಹೊತ್ತಿನಲ್ಲಿ ಅತ್ತೆ ವರ್ಷಗಟ್ಟಲೆ ಅನ್ನದ ತಪ್ಪಲೆ ತೊಳೆದದ್ದು ಆ ಬಿರುಕಿನ ಪಕ್ಕದಲ್ಲೇ ಅಂತೆ!

ಗೆದ್ದವನಂತೆ ಓಡಿಬಂದು ಹೇಳಿದೆ: “ಮಾವ, ಅದು ಅತ್ತೆಯಲ್ಲ. ಅತ್ತೆ ಹಾಕ್ತಿದ್ದ ಅಗುಳು ತಿಂದು ಆ ಜಾಗ ಕಲಿತಿದೆ.”



“ಹಾಗಾದ್ರೆ ಅದೂ ಅವಳನ್ನೇ ಕಾಯ್ತಿದೆ ಅನ್ನು.”

ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹಾಸ್ಟೆಲಿಗೆ ಹೊರಟುಬಿಟ್ಟೆ. ಮುಂದಿನದನ್ನು ಕಂಡವರು ಪಕ್ಕದ ಮನೆಯ ಅಜ್ಜಿ. ಅವರು ಹೇಳಿದ್ದನ್ನು ದೋಣಿಯವನಲ್ಲೂ ಬೇರೆಯಾಗಿ ಕೇಳಿ ಖಚಿತಪಡಿಸಿಕೊಂಡೆ: ಆ ಮಧ್ಯಾಹ್ನ ಮಾವ ಏಡಿಗೆ ಕಾಯದೆ ಹೊಟ್ಟೆತುಂಬ ಉಂಡರು, ಆಮೇಲೆ ಮಲಗದೆ, ತಪ್ಪಲೆ ಹಿಡಿದು ಘಾಟಿಗೆ ಇಳಿದು, ಆ ಬಿರುಕಿನ ಪಕ್ಕದಲ್ಲಿ ಕೂತು ತೊಳೆದರು.