ಎದುರಿಗೆ ಪುಕಟ್ ಎಲ್‌ಕೆಜಿ

ಸಣ್ಣ ಮಕ್ಕಳ ಸಾಲಿ ನಡಸೋರಿಗೆ ನಗೂ ವಿಷಯಕ್ಕ ಬರ ಇಲ್ರಿ, ಒಂದಿಲ್ಲೊಂದು ಆಗ್ತನೇ ಇರ್ತದ. ಬೀದರದ ನೌಬಾದನ್ಯಾಗ ನಮ್ಮ ಮನಿ ಮುಂದಿನ ಖೋಲ್ಯಾಗ ನಾ ಖಾಸಗಿ ನರ್ಸರಿ ನಡಸ್ತೇನಿ. ಈ ವರ್ಷ ರಸ್ತೆ ಆಚಿ ಸರಕಾರಿ ಸಾಲ್ಯಾಗೂ ಎಲ್‌ಕೆಜಿ ಶುರು ಆತು. ಫೀಸು ಇಲ್ಲ, ಮ್ಯಾಲೆ ಊಟ! ನನ್ನ ಸಾಲಿ ಉಳೀತದೋ ಮುಚ್ತದೋ ಅನ್ನೋ ಚಿಂತಿ ಒಂದ್ ಕಡಿ, ಅಲ್ಲಿ ಏನು ನಡಸ್ಯಾರ ನೋಡಬೇಕನ್ನೋ ಚಟ ಇನ್ನೊಂದು ಕಡಿ. ಚಾ ಕುಡಿಯೋದೂ ಕಿಡಕ್ಯಾಗ ನಿಂತೇ!

ಆಟೋ

ನಮ್ಮ ಮಕ್ಕಳನ್ನ ಕರಕೊಂಡು ಬರೋ ಆಟೋ ಚಾಚಾ ಧೈರ್ಯ ಹೇಳಿದ. "ಫಿಕರ್ ಮಾಡಬ್ಯಾಡ್ರಿ ಮೇಡಂ, ಪುಕಟ್ ಸಾಲಿಗೆ ಯಾರ್ ಹೋಗ್ತಾರ?"

ಮರುದಿನ ನೋಡ್ತೇನಿ, ಆಟೋ ಸರಕಾರಿ ಸಾಲಿ ಗೇಟಿನ ಮುಂದ ನಿಂತದ. ಅರ್ಧ ಮಕ್ಕಳು ಅಲ್ಲೇ ಇಳದ್ರು.

"ಇದೇನ್ ಚಾಚಾ?" ಅಂದೆ.

"ನಾ ಏನ್ ಮಾಡ್ಲಿರಿ? ಆಟೋ ಅದೇ, ಮಕ್ಕಳೂ ಅವೇ. ಗೇಟ್ ಅಷ್ಟೇ ಬ್ಯಾರೆ."

ತತ್ತಿ

ಹಣಿ ತುಂಬ ವಿಭೂತಿ ಹಚ್ಚಿದ ಅಜ್ಜಿಯೊಬ್ಬಾಕಿ ಬಂದು, "ಅಲ್ಲಿ ಊಟದಾಗ ಕೋಳಿ ತತ್ತಿ ಕೊಡ್ತಾರಂತ್ರಿ. ನಮ್ಮ ಮೊಮ್ಮಗ ನಿಮ್ಮಲ್ಲೇ ಇರ್ಲಿ" ಅಂದ್ಳು. ನನಗ ಭಾಳ ಖುಷಿ ಆತು. ಕೂಡಿಸಿ ಚಾ ಕೊಟ್ಟೆ.

ವಾರದಾಗ ಅಜ್ಜಿ ಮತ್ತ ಹಾಜರ್! ಮೊಮ್ಮಗನ ಪಾಟಿಚೀಲ ಹೆಗಲಿಗೆ ಹಾಕೊಂಡು ಹೊಂಟಳು.

"ಯಾಕ್ರಿ ಅವ್ವಾ?"

"ತತ್ತಿ ತಿನ್ನದವರಿಗೆ ಬಾಳಿಹಣ್ಣು ಕೊಡ್ತಾರಂತ. ಮದಲೇ ಹೇಳಬಾರದೇನ್ರಿ ನೀವು?"

ಗಂಟಿ

ಹೊಟ್ಟಿ ಉರಕೊಂಡು ಕೂತಾಗ ಆ ಸಾಲಿ ಟೀಚರೇ ಮಗಳನ್ನ ಎತಗೊಂಡು ಬಂದ್ಳು. "ಇಕಿ ನನ್ನ ಕ್ಲಾಸಿನ್ಯಾಗ ತೊಡಿ ಬಿಟ್ಟು ಇಳಿಯಂಗಿಲ್ರಿ. ನಿಮ್ಮಲ್ಲಿ ಸೇರಿಸ್ಕೋರಿ."

ಅಬ್ಬಾ! ಸರಕಾರಿ ಟೀಚರ ಮಗಳು ನಮ್ಮ ಸಾಲ್ಯಾಗ! ಓಣಿ ತುಂಬ ಸಾರಿದೆ. ಹುಡುಗಿನ್ನ ಎಲ್ಲರಿಗೂ ಕಾಣೋ ಹಂಗ ಬಾಗಲ ಹತ್ರನೇ ಕೂಡಿಸ್ದೆ.

ಮಧ್ಯಾಹ್ನ ಆಚಿ ಸಾಲಿ ಊಟದ ಗಂಟಿ ಬಡೀತು. ಹುಡುಗಿ ಎದ್ದು, "ನಮ್ಮವ್ವನ ಸಾಲ್ಯಾಗ ಊಟ! ಬರ್ರಿ!" ಅಂತ ಕೂಗಿ ಹೊಂಟಳು. ಉಳಿದ ಮಕ್ಕಳೂ ಒಬ್ಬರ ಅಂಗಿ ಒಬ್ಬರು ಹಿಡಕೊಂಡು ಅಕಿ ಹಿಂದ ನಡದ್ರು. ರಸ್ತೆ ದಾಟುವಾಗ ಹಂಗ ಹಿಡಕೋಬೇಕಂತ ಕಲಿಸಿದಾಕಿ ನಾನೇ!

"ಏ ನಿಂದರ್ರೋ!" ಅಂತ ಬರೋ ಗಾಡಿಗೋಳ್ನ ಕೈ ಮಾಡಿ ನಿಂದರಿಸ್ಕೋತ ನಾನೂ ಓಡಿದೆ. ಹೋಗಿ ನೋಡಿದ್ರ ನನ್ನ ಸಾಲಿ ಪೂರಾ ಅಲ್ಲಿ ಪಂಕ್ತಿಗೆ ಕೂತದ. ಹೋದ ಮಕ್ಕಳು, ಇದ್ದ ಮಕ್ಕಳು, ಎಲ್ಲಾ ಒಂದೇ ಸಾಲಿನ್ಯಾಗ. ಕಣ್ಣಾಗ ನೀರು ಬಂತ್ರಿ. ಬೈಬೇಕಂತ ಬಾಯಿ ತೆಗದೆ. ಅಷ್ಟರಾಗ ಅಡಗಿಯಾಕಿ ನನ್ನ ಮುಂದೂ ಒಂದು ತಾಟು ಇಟ್ಟಳು.

"ಕೂಡ್ರಿ ಮೇಡಂ. ನಿಮಗ ತತ್ತಿನೋ, ಬಾಳಿಹಣ್ಣೋ?"

"ಎರಡೂ ಹಾಕವ್ವಾ" ಅಂದೆ.