ಎಳೆ ಎಣಿಸುವ ಭಾವ

ಅವರೆಕಾಳು ಹಿದುಕುತ್ತಾ ಕೂತಿದ್ದೆ. "ನಾಳೆ ಅಣ್ಣನ ಕಣ್ಣಿನ ಪಟ್ಟಿ ಬಿಚ್ತಾರಂತೆ ಕಣೇ, ಚಿಂತಾಮಣಿಗೆ ಹೋಗಣ" ಎಂದು ಯಜಮಾನರು ಬಂದು ಹೇಳಿದರು. ಕೈಯಲ್ಲಿದ್ದ ಕಾಳು ಸಿಪ್ಪೆಯ ಪಾತ್ರೆಗೆ ಬಿತ್ತು. ಭಾವನವರಿಗೆ ಎಡಗಣ್ಣು ಮೊದಲೇ ಮಂದ. ಪೊರೆ ತೆಗೆಸಿದ ಬಲಗಣ್ಣೂ ಕೈಕೊಟ್ಟರೆ ಫೋಟೋ ತೆಗೆಯುವವರ ಗತಿ ಏನು?

ಫೋಟೋ ತೆಗೆಯುವವರು ಅಂದೆನಲ್ಲ, ನಮ್ಮ ಭಾವನವರು ಶಿಡ್ಲಘಟ್ಟದಲ್ಲಿ ಇಪ್ಪತ್ತು ವರ್ಷ ಯಾರ ಮುಖವನ್ನೂ ನೋಡದೆ ಫೋಟೋ ತೆಗೆದವರು! ಸುಳ್ಳಲ್ಲ, ದೇವರಾಣೆ. ಅವರು ನೋಡುತ್ತಿದ್ದುದು ಒಂದು ಸ್ಲೇಟನ್ನು. ಅದಕ್ಕೆ ರೇಷ್ಮೆ ಎಳೆಯನ್ನು ಒತ್ತೊತ್ತಾಗಿ ಸುತ್ತಿ, ಕೂತವರ ಕೆನ್ನೆಯ ಪಕ್ಕ ಹಿಡಿಸುತ್ತಿದ್ದರು. ಕ್ಯಾಮೆರಾದಲ್ಲಿ ಎಳೆಗಳು ಬೇರೆಬೇರೆಯಾಗಿ ಕಂಡರೆ ಫೋಕಸ್ ಸರಿ. ಅಂಟಿಕೊಂಡರೆ ಲೆನ್ಸು ತಿರುಗಿಸು, ಮತ್ತೆ ನೋಡು! ಅಷ್ಟರಲ್ಲಿ ಕೂತವರ ಪೌಡರೆಲ್ಲ ಬೆವರಿನಲ್ಲಿ ಇಳಿದಿರುತ್ತಿತ್ತು.

ಕೆಂಚಾರ್ಲಹಳ್ಳಿಯ ಅಜ್ಜನೊಬ್ಬ ಕಾದೂ ಕಾದೂ ರೇಗಿದ: "ಏಮಪ್ಪಾ, ಫೋಟೋ ನಾದಾ, ದಾರಂದಾ?" ಫೋಟೋ ನನ್ನದೋ ದಾರದ್ದೋ ಅಂತ!

ಒಂದು ಮದುವೆಯಲ್ಲಿ ತಾಳಿ ಹಿಡಿದ ವರನ ಕೈಗೇ ಸ್ಲೇಟು ಆನಿಸಿ, "ಅಲ್ಲಾಡ್ಬೇಡಪ್ಪ" ಅಂದರು.

ಪುರೋಹಿತರು ಕೆರಳಿದರು. "ನಿಮ್ ಫೋಕಸ್ಸಿಗೆ ಮುಹೂರ್ತ ಕಾಯ್ತದೇನ್ರೀ?"

"ಮುಹೂರ್ತ ಮುಗಿದೋಗತ್ತೆ ಸ್ವಾಮಿ, ಫೋಟೋ ಉಳಿಯತ್ತೆ!"

ನಮ್ಮ ನಾದಿನಿಯ ಫೋಟೋ ತೆಗೆದು ಗಂಡಿನ ಕಡೆಗೆ ಕಳಿಸಿದವರೂ ಇವರೇ. ಗಡಿಬಿಡಿಯಲ್ಲಿ ಸ್ಲೇಟು ತೆಗೆಸುವುದನ್ನು ಮರೆತಿದ್ದರು. "ಹುಡುಗಿ ಎಷ್ಟನೇ ಕ್ಲಾಸು?" ಎಂದು ಗಂಡಿನವರು ಕೇಳಿಕಳಿಸಿದರಂತೆ! ಆದರೂ ಸಂಬಂಧ ಕುದುರಿತು. ದೇವರು ದೊಡ್ಡವನು.

ಈಚೆಗೆ ಹೊಸ ಪದ್ಧತಿ ಶುರುವಾಗಿತ್ತು. ಬಂದವರನ್ನೇ ಕ್ಯಾಮೆರಾ ಹಿಂದೆ ನಿಲ್ಲಿಸಿ, "ಎಳೆ ಬಿಡಿಬಿಡಿಯಾಗಿ ಕಾಣ್ತಾವಾ ನೋಡಮ್ಮಾ" ಎನ್ನುತ್ತಿದ್ದರು. ಹುಚ್ಚು ಹೆಚ್ಚಾಯಿತೆಂದು ನಾವು ನಕ್ಕೆವು. ಕಣ್ಣಿಗೆ ಪೊರೆ ಬಂದಿದೆಯೆಂದು ಯಾರಿಗೆ ಹೊಳೆಯಬೇಕು?

ಮರುದಿನ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿ, ದಪ್ಪ ಕನ್ನಡಕ ಏರಿಸಿದರು. ನಾನು ಮನಸ್ಸಿನಲ್ಲೇ ವೆಂಕಟರಮಣನನ್ನು ನೆನೆಯುತ್ತಾ ಮುಂದೆ ನಿಂತೆ.

"ಕಾಣ್ತಾ ಇದ್ಯಾ ಭಾವ? ನಾನು ಯಾರು ಹೇಳಿ?"

ನನ್ನ ಮುಖವನ್ನೇ ನೋಡುತ್ತಿದ್ದರು.

"ಎಷ್ಟು ಬಡವಾಗ್ಬಿಟ್ಟಿದ್ದೀಯಮ್ಮಾ!" ಅಂದರು. "ಕಣ್ಣೆಲ್ಲ ಒಳಗೋಗಿವೆ. ಮನೇಲಿ ಯಾರೂ ನೋಡ್ಲೇ ಇಲ್ವಾ?"

ಪಕ್ಕದಲ್ಲಿದ್ದ ಯಜಮಾನರೂ ತಿರುಗಿ ನೋಡಿದರು. ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ.

ಸಂಜೆ ಮನೆಗೆ ಬಂದು ದೇವರಿಗೆ ದೀಪ ಹಚ್ಚಿ, ಹಾಲು ಕಾಯಲು ಇಟ್ಟೆ. ಎಲ್ಲರ ಲೋಟಗಳ ಸಾಲಿನಲ್ಲಿ ನನಗೂ ಒಂದು ಇಟ್ಟುಕೊಂಡೆ.