ಗುಜರಾತಿನಲ್ಲಿ ನಾನು ಕೆಡಿಸಿದ ಸದ್ದುಗಳು

ಕೆಟ್ಟ ಮಶೀನುಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಒಳ್ಳೆಯ ಮಶೀನು ಇದ್ದಲ್ಲಿಗೆ ನಾನು ಹೋದರೆ ಸ್ವಲ್ಪ ಹೊತ್ತಿನಲ್ಲಿ ಅದೂ ಕೆಡುತ್ತದೆ. ಶಾಲೆಯ ಮೆಟ್ಟಿಲು ಹತ್ತಿದ್ದು ಒಂದೇ ಸಲ, ಅದೂ ಗೋಡೆಗೆ ಸ್ಪೀಕರ್ ಕಟ್ಟುವುದಕ್ಕೆ. ಆದರೆ ನನ್ನ ಕಿವಿ! ಸಾಬರಮತಿಯ ಈ ದಂಡೆಯಲ್ಲಿ ನಿಂತು, ಆ ದಂಡೆಯ ರೇಡಿಯೊದಲ್ಲಿ ಯಾವ ವಾಲ್ವು ಸಾಯುತ್ತಿದೆ ಅಂತ ಹೇಳುತ್ತಿದ್ದೆ. ಹೊಳೆ ದಾಟಿ ಹೋಗಿ ಯಾರೂ ನೋಡಿ ಬರಲಿಲ್ಲ, ಅದು ನನ್ನ ಪುಣ್ಯ.

ಅರವತ್ತರ ದಶಕ. ಅಹಮದಾಬಾದಿನ ಒಬ್ಬ ಸೇಠರ ಮೈಕ್ ಅಂಗಡಿಯಲ್ಲಿ ನಾನು ರಿಪೇರಿ ಮಿಸ್ತ್ರಿ. ವಡೋದರಾದಲ್ಲಿ ನಮ್ಮ ಧಾರವಾಡ ಕಡೆಯ ಒಬ್ಬ ರೈಲ್ವೆ ಗುಮಾಸ್ತರ ಮಗಳನ್ನು ಮನೆಯವರು ನನಗೆ ಕೇಳಿದ್ದರು. “ಓದು ಇಲ್ಲದಿದ್ರೂ ನಡೀತದ, ಕೈಯಾಗ ಕಸಬು ಅದನೋ ಇಲ್ಲೋ ನೋಡಿ ಹೇಳ್ತೀನಿ” ಅಂದಿದ್ದರು ಆ ಗುಮಾಸ್ತರು. ಹೆಣ್ಣು ನೋಡುವುದು ಸಂಕ್ರಾಂತಿ ಕಳೆದ ಮೇಲೆ; ಅಂದಮೇಲೆ ಅಲ್ಲಿಯ ತನಕ ನಾನು ಮುಟ್ಟಿದ ಮಶೀನು ಕೆಡಬಾರದಿತ್ತು.

ಮದುವೆ ಮನೆಯ ಕಿರುಚಾಟ

ಅಹಮದಾಬಾದಿನ ಪೋಳದೊಳಗೆ, ಅಂದರೆ ಇಕ್ಕಟ್ಟಿನ ಓಣಿಯೊಳಗೆ, ಒಂದು ಮದುವೆ. ಪುರೋಹಿತರು ಬಾಯಿ ತೆರೆದರೆ ಸಾಕು, ಸ್ಪೀಕರ್ “ಕುಂಯ್” ಎಂದು ಕಿರುಚುತ್ತಿತ್ತು. ಮೈಕನ್ನು ಮೂಲೆಯಲ್ಲಿದ್ದ ನನ್ನ ಮಶೀನಿನ ಹತ್ತಿರ ತಂದು “ಹಲೋ ಹಲೋ” ಅಂದರೆ ಬೆಣ್ಣೆಯಂಥ ಸದ್ದು. ವಾಪಸು ಇಟ್ಟರೆ ಮತ್ತೆ ಕುಂಯ್! ವಾಲ್ವು ಬದಲಿಸಿದೆ, ತಂತಿ ಬದಲಿಸಿದೆ, ಕೊನೆಗೆ ಪುರೋಹಿತರನ್ನೇ ಬದಲಿಸಿ ಅಂದೆ.

ಮದುಮಗಳ ಅಜ್ಜಿ ಎದ್ದು ಬಂದಳು. “ಏ ಭಾಈ, ಮೈಕಿನ ಮೂತಿ, ಸ್ಪೀಕರಿನ ಮೂತಿ ಎದುರುಬದುರು ಇಟ್ಟಿದ್ದೀಯಲ್ಲ. ಬೀಗಿತ್ತಿಯರನ್ನು ಹಾಗೆ ಕೂರಿಸಿದರೆ ಕಿರುಚದೆ ಇನ್ನೇನು ಮಾಡುತ್ತಾರೆ? ಒಂದನ್ನು ಆ ಕಡೆ ತಿರುಗಿಸು.”

ತಿರುಗಿಸಿದೆ. ನಿಂತಿತು. ಅಂಗಡಿಯಲ್ಲಿ ಸೇಠರು ಏನು ಕೆಟ್ಟಿತ್ತು ಅಂತ ಕೇಳಿದರು. “ಒಳಗಿನ ದೋಷ ಸೇಠ್, ಹೇಳಿದರೆ ನಿಮಗೆ ತಿಳಿಯುವುದಿಲ್ಲ” ಅಂದೆ.

ಕತಾರ್‌ಗಾಮಿನ ರೇಡಿಯೊ

ಸೂರತ್ತಿನ ಕತಾರ್‌ಗಾಮಿನಲ್ಲಿ ಒಂದು ವಜ್ರ ಉಜ್ಜುವ ಕಾರ್ಖಾನೆ. ಅಲ್ಲಿನ ರೇಡಿಯೊ ಕರಕರ ಅನ್ನುತ್ತದೆ ಅಂತ ಕಾಗದ ಬಂತು. ಹೋದೆ. ಹೋದಾಗ ಹಾಡು ಜೇನಿನಂತೆ ಹರಿಯುತ್ತಿತ್ತು! ಮಾಲೀಕರ ಮನೆಯಲ್ಲಿ ತುಪ್ಪ ಸವರಿದ ರೊಟ್ಟಿ, ಉಂಧಿಯು ಎಂಬ ತರಕಾರಿ ಪಲ್ಯ ಹೊಡೆದು, “ನಾನು ಹೊಸಿಲು ದಾಟಿದರೆ ಸಾಕು, ರೇಡಿಯೊ ಹೆದರಿ ಸರಿಯಾಗುತ್ತದೆ” ಅಂತ ಹೇಳಿ ಬಂದೆ. ಮತ್ತೆ ಕಾಗದ, ಮತ್ತೆ ಜೇನು, ಮತ್ತೆ ಉಂಧಿಯು. ಹೀಗೆ ಮೂರು ಸಲ.

ನಾಲ್ಕನೆಯ ಸಲ ರೈಲು ತಡವಾಯಿತು. ಕಾರ್ಖಾನೆಯಲ್ಲಿ ಉಜ್ಜುವ ಚಕ್ರಗಳೆಲ್ಲ ತಿರುಗುತ್ತಿದ್ದವು, ರೇಡಿಯೊ ಜೋಳ ಹುರಿದ ಹಾಗೆ ಸಿಡಿಯುತ್ತಿತ್ತು. ಕರಕರ ಬರುತ್ತಿದ್ದದ್ದು ಚಕ್ರಗಳ ಮೋಟಾರಿನಿಂದ. ಊಟದ ಬಿಡುವಿನಲ್ಲಿ ಮೋಟಾರು ನಿಲ್ಲುತ್ತಿತ್ತು, ನಾನು ಊಟದ ಲೆಕ್ಕ ಹಾಕಿ ಆ ಹೊತ್ತಿಗೇ ಹೋಗುತ್ತಿದ್ದೆ.

ಮಾಲೀಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಮಿಸ್ತ್ರಿ, ರೇಡಿಯೊದಲ್ಲಿ ದೋಷವಿಲ್ಲ. ನಿನ್ನ ಹೊಟ್ಟೆ ಬಿಚ್ಚಿ ನೋಡಬೇಕು.”

ಮಂಜಲ್‌ಪುರದ ಹೆಣ್ಣು

ಕೊನೆಗೆ ವಡೋದರಾದ ಮಂಜಲ್‌ಪುರಕ್ಕೆ ಆ ಗುಮಾಸ್ತರ ಮಗಳನ್ನು ನೋಡಲು ಹೋದೆ. ಕಸಬು ತೋರಿಸಬೇಕಲ್ಲ, ಸೇಠರು ಹೊಸದಾಗಿ ತರಿಸಿದ್ದ ಟೇಪ್ ರೆಕಾರ್ಡರನ್ನು ಕೇಳಿ ಹೊತ್ತುಕೊಂಡು ಹೋದೆ. “ಇಂಥವು ನೂರು ಬಿಚ್ಚೀನ್ರೀ” ಅಂದೆ ಹುಡುಗಿಯ ತಂದೆಗೆ.

ಹುಡುಗಿ ಹಾಡಿದಳು, ನಾನು ರೆಕಾರ್ಡ್ ಮಾಡಿದೆ. ಹಾಡು ಮುಗಿದು ತಂದೆ ಮಗಳು ಒಳಗೆ ಹೋದರು. ಅವರು ಚಹಾ ಹಿಡಿದು ಬರುವಷ್ಟರಲ್ಲಿ ಟೇಪು ಹಿಂದಕ್ಕೆ ಸುತ್ತಿ, ಕರವಸ್ತ್ರದಿಂದ ಮಶೀನು ತಿಕ್ಕುತ್ತಿದ್ದೆ.

ಹಚ್ಚಿದೆ. ಹೆಣ್ಣಿನ ದನಿಯ ಬದಲು, ನೆಗಡಿ ಬಂದ ಕೋಣ ಹಾಡಿದ ಹಾಗೆ ಬಂತು!

ತಂದೆಯ ಮುಖ ಕೆಂಪಾಯಿತು. “ಏನ್ರೀ ಇದು? ನನ್ನ ಮಗಳ ದನಿ ಹೀಂಗ ಅದ ಏನು?”

“ಒಳಗಿನ ದೋಷರೀ,” ಅಂತ ಸ್ಕ್ರೂ ಬಿಚ್ಚತೊಡಗಿದೆ. ಚಾಪೆಯ ತುಂಬ ಚಕ್ರ, ಪಟ್ಟಿ, ಸ್ಪ್ರಿಂಗು. ಚಹಾ ಆರಿ ಕೆನೆ ಕಟ್ಟಿತು. ಏನೂ ಸಿಗದೆ ಹೇಗೋ ಮತ್ತೆ ಜೋಡಿಸಿದೆ; ಎರಡು ಸ್ಕ್ರೂ ಉಳಿದವು, ಜೇಬಿಗೆ ಹಾಕಿಕೊಂಡೆ. ಹಚ್ಚಿದೆ. ಮತ್ತೆ ಕೋಣ.

“ಹುಡುಗಿ ನೋಡಾಕ ಬಂದೀರೋ, ಮಶೀನಿನ ಹೆಣ ಕೊಯ್ಯಾಕ ಬಂದೀರೋ? ಇನ್ನ ಹೊರಡ್ರಿ,” ಅಂತ ತಂದೆ ಎದ್ದರು.

ಆಗ ಹುಡುಗಿ ಮೆಲ್ಲಗೆ ಅಂದಳು: “ಅಪ್ಪಾ, ನಾ ಹಾಡೋವಾಗ ಆ ಗುಂಡಿ ಬಲಕ್ಕಿತ್ತು. ಇವರು ಒರಸೋವಾಗ ಎಡಕ್ಕ ಸರೀತು.”

ಅದು ಟೇಪು ಓಡುವ ವೇಗದ ಗುಂಡಿ! ಬಲಕ್ಕೆ ತಿರುಗಿಸಿದೆ. ಕೋಗಿಲೆ ಹಾಡಿತು. ತಂದೆ ಮತ್ತೆ ಕೂತರು, ತಲೆದೂಗಿದರು. ನಾನು ಮೀಸೆ ಮೇಲೆ ಕೈಯಿಟ್ಟೆ.

ಹಾಡು ಮುಗಿಯಿತು, ಟೇಪು ನಿಲ್ಲಲಿಲ್ಲ. ಅವರು ಚಹಾ ತರಲು ಒಳಗೆ ಹೋದಾಗ ರೆಕಾರ್ಡಿಂಗ್ ನಿಲ್ಲಿಸಲು ನಾನು ಮರೆತಿದ್ದೆ. ಮಶೀನಿನೊಳಗಿಂದ ನನ್ನದೇ ದನಿ ಬಂತು: “ಅಯ್ಯೋ ಶಿವನೇ, ನೂರು ಬಿಚ್ಚೀನಿ ಅಂದುಬಿಟ್ಟೆ. ಇದನ್ನ ಇವತ್ತೇ ಮೊದಲನೇ ಸಲ ಮುಟ್ಟೀನಿ. ಹುಡುಗಿ ಭಾಳ ಚಲೋ ಅದಾಳ. ಹೆಂಗರ ಮಾಡಿ ಮಾನ ಉಳಿಸಪ್ಪಾ!”

ನಾನು ಗುಂಡಿಗಳನ್ನೆಲ್ಲ ಒತ್ತಿದೆ. ಒಂದೂ ನನ್ನ ಮಾತು ಕೇಳಲಿಲ್ಲ. ತಂದೆ ಸಿಟ್ಟಿನಿಂದ ಮಗಳ ಕಡೆ ತಿರುಗಿ “ಏನಂತೀ?” ಅಂದರು.

ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. “ಹೂಂ ಅನ್ರಿ ಅಪ್ಪಾ. ಸುಳ್ಳು ಹೇಳಿದ್ದನ್ನ ತಾವೇ ರೆಕಾರ್ಡ್ ಮಾಡಿ ನಮಗ ಕೇಳಿಸೋ ಗಂಡ ಮತ್ತೆಲ್ಲಿ ಸಿಕ್ಕಾನು?”